ಮನೆಯೊಳಗಿನ ವರ್ಗಾವಣೆಗೂ ಒಂದು ನಮೂನೆ ಬೇಕು: ಸಾರಿಗೆ ಆಯುಕ್ತರಿಗೆ ಬಹಿರಂಗ ಪತ್ರ

ಗೆ,
ಸಾರಿಗೆ ಆಯುಕ್ತರು,
ಸಾರಿಗೆ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಒಂದೇ ಕುಟುಂಬದವರ ನಡುವೆ ವಾಹನದ ಮಾಲೀಕತ್ವ ವರ್ಗಾವಣೆ.

ಮಾನ್ಯರೇ,

ವಾಹನವೊಂದು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗಲು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಮೂರು ದಾರಿ ಹಾಕಿಕೊಟ್ಟಿವೆ. ಸಾಮಾನ್ಯ ವರ್ಗಾವಣೆಗೆ 55ನೇ ನಿಯಮ. ಅದಕ್ಕೆ ನಮೂನೆ 29 ಮತ್ತು 30. ಮಾಲೀಕರು ತೀರಿಕೊಂಡಾಗ 56ನೇ ನಿಯಮ, ನಮೂನೆ 31. ಸಾರ್ವಜನಿಕ ಹರಾಜಿನಲ್ಲಿ ಕೊಂಡಾಗ 57ನೇ ನಿಯಮ, ನಮೂನೆ 32. ಹಳೆ ವಾಹನಗಳ ಅಧಿಕೃತ ಡೀಲರ್‌ಗಳಿಗಾಗಿ 2023ರ ಏಪ್ರಿಲ್ 1ರಿಂದ 29ಎ, 29ಬಿ, 29ಸಿ ನಮೂನೆಗಳೂ ಸೇರಿಕೊಂಡವು. ಬದುಕಿರುವ ತಂದೆ ಮಗಳಿಗೆ ಕಾರು ಕೊಟ್ಟರೆ, ಗಂಡ ಹೆಂಡತಿಯ ಹೆಸರಿಗೆ ಸ್ಕೂಟರ್ ಮಾಡಿಸಿದರೆ, ಅಣ್ಣ ತಮ್ಮನಿಗೆ ಬೈಕ್ ಬಿಟ್ಟುಕೊಟ್ಟರೆ ಅದಕ್ಕೆಂದೇ ಒಂದು ನಮೂನೆ ಇಲ್ಲ. ಅಪರಿಚಿತರ ನಡುವಿನ ಮಾರಾಟಕ್ಕೆ ಬರೆದ 29 ಮತ್ತು 30ನೇ ನಮೂನೆಗಳಲ್ಲೇ ಮನೆಯವರೂ ಸಹಿ ಹಾಕಬೇಕು. ಹಣ ಕೈ ಬದಲಾಗದಿದ್ದರೂ ಅಲ್ಲಿ ತಂದೆ ಮಾರಿದವರಾಗುತ್ತಾರೆ, ಮಗಳು ಕೊಂಡವಳಾಗುತ್ತಾಳೆ.

ಕಾನೂನಿನ ಮೂಲ ಕರ್ತವ್ಯ ಇರುವುದು ಮೋಟಾರು ವಾಹನ ಕಾಯ್ದೆ, 1988ರ 50ನೇ ಕಲಂನಲ್ಲಿ. ವಾಹನ ಕೊಟ್ಟವರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಪಡೆದವರು 30 ದಿನದೊಳಗೆ ತಾವು ವಾಸಿಸುವ ವ್ಯಾಪ್ತಿಯ ಆರ್‌ಟಿಒಗೆ ವರದಿ ಮಾಡಬೇಕು. ಈ ಗಡುವುಗಳಿಗೆ ರಕ್ತಸಂಬಂಧದ ವಿನಾಯಿತಿ ಇಲ್ಲ. ಶುಲ್ಕಕ್ಕೂ ಇಲ್ಲ. 81ನೇ ನಿಯಮದ ಪ್ರಕಾರ ವರ್ಗಾವಣೆಯ ಶುಲ್ಕ ನೋಂದಣಿ ಶುಲ್ಕದ ಅರ್ಧ. 2016ರ ಡಿಸೆಂಬರ್‌ನ ಪರಿಷ್ಕರಣೆಯಲ್ಲಿ ಇದು ಬೈಕಿಗೆ 150 ರೂಪಾಯಿ, ಖಾಸಗಿ ಕಾರಿಗೆ 300 ರೂಪಾಯಿ ಎಂದಾಯಿತು. ಸ್ಮಾರ್ಟ್ ಕಾರ್ಡ್‌ನ ಹಣ ಬೇರೆ. ರಾಜ್ಯದೊಳಗೇ ಹೆಸರು ಬದಲಾದರೆ ಒಮ್ಮೆ ಕಟ್ಟಿದ ಜೀವಿತಾವಧಿ ತೆರಿಗೆ ವಾಹನದ ಜೊತೆಗೇ ಸಾಗುತ್ತದೆ. ಹೀಗಾಗಿ ಕುಟುಂಬಗಳು ಹೆಸರು ಬದಲಾಯಿಸದೆ ಸುಮ್ಮನಿರುವುದು ಸರ್ಕಾರಿ ಶುಲ್ಕಕ್ಕೆ ಹೆದರಿ ಅಲ್ಲ. ಯಾವ ಕಾಗದ ಬೇಕು, ಯಾರು ಬರಬೇಕು, ಎಷ್ಟು ಸಲ ಬರಬೇಕು ಎಂಬ ಅನಿಶ್ಚಿತತೆಗೆ ಹೆದರಿ. ಏಜೆಂಟರಿಗೆ ಕೊಡುವ ಹಣ ಸರ್ಕಾರಿ ಶುಲ್ಕವನ್ನು ಮೀರುವುದು ಅಲ್ಲೇ.

ಸಾಮಾನ್ಯವಾಗಿ ಕೇಳುವ ಕಾಗದಗಳ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದೇ: ಎರಡು ಪ್ರತಿ ನಮೂನೆ 29, ನಮೂನೆ 30, ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಸರ್ಟಿಫಿಕೇಟ್, ಪಡೆಯುವವರ ವಿಳಾಸದ ದಾಖಲೆ, ಪ್ಯಾನ್ ಅಥವಾ ನಮೂನೆ 60, ಫೋಟೊಗಳು. ಚಾಸಿ ನಂಬರಿನ ಮೇಲೆ ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ತೆಗೆದ ಅಚ್ಚೂ ಇದರಲ್ಲಿ ಸೇರುತ್ತದೆ. ಹದಿನೈದು ವರ್ಷ ಮಳೆ-ಧೂಳು ಕುಡಿದ ಸ್ಕೂಟರಿನಲ್ಲಿ ಆ ಅಂಕಿಗಳು ತುಕ್ಕಿನಡಿ ಹುದುಗಿರುತ್ತವೆ. ಉಪ್ಪುಕಾಗದ ಹಾಕಿ ತಿಕ್ಕಿದ ಮೇಲೂ 3 ಯಾವುದು, 8 ಯಾವುದು ಎಂದು ಅಚ್ಚಿನಲ್ಲಿ ತಿಳಿಯುವುದು ಕಷ್ಟ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನವಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕವನ್ನೂ ಮೊದಲು ಹಾಕಿಸಬೇಕು. ಅದಿಲ್ಲದೆ ಹೆಸರು ವರ್ಗಾವಣೆ ಇಲ್ಲವೆಂದು ಇಲಾಖೆಯೇ ಪ್ರಕಟಿಸಿದೆ. ಸಾಲದ ಮೇಲೆ ಕೊಂಡ ವಾಹನಕ್ಕೆ 51ನೇ ಕಲಂ ಪ್ರಕಾರ ಸಾಲ ಕೊಟ್ಟವರ ಒಪ್ಪಿಗೆ ಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಸಹಿಯುಳ್ಳ ನಮೂನೆ 35 ಕೊಟ್ಟು ಆರ್‌ಸಿಯಲ್ಲಿರುವ ಹೈಪೊಥಿಕೇಷನ್ ತೆಗೆಸಬೇಕು. ಕಂತು ಮುಗಿದು ವರ್ಷಗಳಾದರೂ ಈ ಒಂದು ನಮೂದು ಹಾಗೇ ಉಳಿದಿರುವುದು ವರ್ಗಾವಣೆಯ ದಿನವೇ ಎಷ್ಟೋ ಮನೆಗಳಿಗೆ ಗೊತ್ತಾಗುತ್ತದೆ.

ಇವುಗಳಲ್ಲಿ ಯಾವುದೂ ಕುಟುಂಬದ ವರ್ಗಾವಣೆಯ ಸ್ವರೂಪವನ್ನು ಹೇಳುವುದಿಲ್ಲ. ಅದು ದಾನ. ಸ್ವತ್ತು ವರ್ಗಾವಣೆ ಕಾಯ್ದೆ, 1882ರ 123ನೇ ಕಲಂ ಪ್ರಕಾರ ಚರ ಸ್ವತ್ತಿನ ದಾನಕ್ಕೆ ನೋಂದಾಯಿತ ಪತ್ರವೇ ಆಗಬೇಕೆಂದಿಲ್ಲ. ವಸ್ತುವನ್ನು ಒಪ್ಪಿಸಿದರೂ ದಾನ ಪೂರ್ಣವಾಗುತ್ತದೆ. ಹತ್ತಿರದ ಸಂಬಂಧಿಕರಿಂದ ಬಂದ ಉಡುಗೊರೆಗೆ ಪಡೆದವರ ಕೈಯಲ್ಲಿ ಆದಾಯ ತೆರಿಗೆಯೂ ಇಲ್ಲ. ಕರ್ನಾಟಕದ ಮುದ್ರಾಂಕ ಕಾಯ್ದೆ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದೆ. ನಿವೇಶನವನ್ನೋ ಮನೆಯನ್ನೋ ಗಂಡ, ಹೆಂಡತಿ, ಮಕ್ಕಳು, ಸೊಸೆ, ತಂದೆ-ತಾಯಿ, ಒಡಹುಟ್ಟಿದವರಿಗೆ ದಾನವಾಗಿ ಬರೆದುಕೊಟ್ಟರೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕವಿಲ್ಲ, ನಿಗದಿತ ಸಣ್ಣ ಮೊತ್ತವಷ್ಟೆ. ಲಕ್ಷಾಂತರ ಬೆಲೆಯ ಮನೆಗೆ ಇರುವ ಈ ‘ಕುಟುಂಬ’ ವರ್ಗ ಹಳೆಯ ಸ್ಕೂಟರಿಗೆ ಇಲ್ಲ.

ಹೆಸರು ಬದಲಾಯಿಸದೆ ಬಿಟ್ಟರೆ ಆಗುವ ತೊಂದರೆ ಕಾಗದದ್ದಷ್ಟೇ ಅಲ್ಲ. ಕಾಯ್ದೆಯ 2(30)ನೇ ಕಲಂ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ವಾಹನ ಕೈಯಿಂದ ಕೈಗೆ ದಾಟಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. ಊರಿನಲ್ಲಿರುವ ತಂದೆಯ ಹೆಸರಿನ ಕಾರನ್ನು ಬೆಂಗಳೂರಿನಲ್ಲಿ ಮಗ ಓಡಿಸಿದರೆ ಕ್ಯಾಮೆರಾದ ನೋಟಿಸೂ ನ್ಯಾಯಾಲಯದ ಸಮನ್ಸೂ ಹೋಗುವುದು ತಂದೆಯ ವಿಳಾಸಕ್ಕೆ. ಆ ವಾಹನವನ್ನು ಹದಿನೆಂಟು ತುಂಬದ ಮೊಮ್ಮಗ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ 199ಎ ಕಲಂ ಪೋಷಕರನ್ನೋ ಮಾಲೀಕರನ್ನೋ ಹಿಡಿಯುತ್ತದೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು.

ವಿಮೆಯ ವಿಷಯ ಇದಕ್ಕಿಂತ ಸೂಕ್ಷ್ಮ. ವಾಹನ ವರ್ಗಾವಣೆಯಾದ ದಿನದಿಂದ ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕರಿಗೆ ದಾಟಿದಂತೆಯೇ ಎಂದು 157ನೇ ಕಲಂ ಹೇಳುತ್ತದೆ. ಆದರೂ ಅವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ವಾಹನಕ್ಕೇ ಆದ ಹಾನಿಯ ವಿಮೆ ಹೀಗೆ ತಾನಾಗಿ ದಾಟುವುದಿಲ್ಲ ಎಂಬುದು ಸುಪ್ರೀಂ ಕೋರ್ಟ್ ತೀರ್ಪು. ಮಗಳ ಹೆಸರಿಗೆ ಆರ್‌ಸಿ ಬಂದು ಪಾಲಿಸಿ ತಂದೆಯ ಹೆಸರಿನಲ್ಲೇ ಉಳಿದರೆ ಗ್ಯಾರೇಜಿನ ಬಿಲ್ಲು ಮಗಳೇ ಕಟ್ಟಬೇಕಾದೀತು. ಹದಿನೈದು ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ಮಾಲೀಕ-ಚಾಲಕರಿಗೆ, ಅಂದರೆ ಪಾಲಿಸಿಯಲ್ಲಿ ಹೆಸರಿದ್ದು ಲೈಸೆನ್ಸ್ ಹೊಂದಿರುವ ನೋಂದಾಯಿತ ಮಾಲೀಕರಿಗೆ. ದಿನವೂ ಗಾಡಿ ಓಡಿಸುವ ಮಗನಿಗೆ ಅದು ತಾನೇತಾನಾಗಿ ದಕ್ಕುವುದಿಲ್ಲ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2009ರಲ್ಲಿ ತೀರ್ಮಾನವಾದ ಪ್ರಕರಣವೊಂದರಲ್ಲಿ ಬೇರೆಯವರ ಬೈಕ್ ಪಡೆದು ಹೊರಟ ಸವಾರ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಸತ್ತಿದ್ದ. ಮಾಲೀಕರಿಂದ ವಾಹನ ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ಸಾಬೀತುಪಡಿಸದೆ ಪರಿಹಾರ ಕೇಳಬಹುದಾಗಿದ್ದ ಅಂದಿನ 163ಎ ಕಲಂನ ಅನುಕೂಲ ಅವನ ವಾರಸುದಾರರಿಗೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಮನೆಯ ಗಾಡಿಯನ್ನು ಯಾರು ಓಡಿಸುತ್ತಾರೋ ಅವರ ಹೆಸರಿನಲ್ಲೇ ಇಡುವುದರಿಂದ ಕುಟುಂಬಕ್ಕೆ ಆಗುವ ಲಾಭ ಇಂಥ ತೀರ್ಪುಗಳಲ್ಲಿ ಕಾಣುತ್ತದೆ.

ಮಾಲೀಕರು ತೀರಿಕೊಂಡಾಗ ನಡೆಯುವ ವರ್ಗಾವಣೆಗೆ ಕಾನೂನು ಪ್ರತ್ಯೇಕ ದಾರಿ ಕೊಟ್ಟಿದೆಯಾದರೂ ಅದರ ಗಡುವುಗಳು ಹೆಚ್ಚಿನವರಿಗೆ ತಿಳಿದಿಲ್ಲ. 56ನೇ ನಿಯಮದ ಪ್ರಕಾರ ವಾಹನ ಯಾರ ವಶಕ್ಕೆ ಬಂದಿದೆಯೋ ಆ ವಾರಸುದಾರರು ಅದನ್ನು ಮೂರು ತಿಂಗಳು ಬಳಸಬಹುದು. ಆದರೆ ಸಾವಿನ ವಿಷಯವನ್ನೂ ವಾಹನ ಬಳಸುವ ತಮ್ಮ ಉದ್ದೇಶವನ್ನೂ 30 ದಿನದೊಳಗೆ ಆರ್‌ಟಿಒಗೆ ತಿಳಿಸಿರಬೇಕು. ಮೂರು ತಿಂಗಳೊಳಗೆ ನಮೂನೆ 31 ಸಲ್ಲಿಸಬೇಕು. ಆಟೊ, ಟ್ಯಾಕ್ಸಿಗಳ ಪರ್ಮಿಟ್ಟಿಗೂ 82ನೇ ಕಲಂನಲ್ಲಿ ಇದೇ ಮೂವತ್ತು ದಿನ, ಇದೇ ಮೂರು ತಿಂಗಳು. ಆದರೆ ಅಲ್ಲಿ ತಿಳಿಸಬೇಕಾದ್ದು ಪರ್ಮಿಟ್ ಕೊಟ್ಟ ಸಾರಿಗೆ ಪ್ರಾಧಿಕಾರಕ್ಕೆ. ಆಟೊ ಓಡಿಸಿ ಮನೆ ನಡೆಸುತ್ತಿದ್ದ ಗಂಡ ತೀರಿಕೊಂಡರೆ ಹೆಂಡತಿ ಎರಡು ಕಡೆ ಎರಡು ಅರ್ಜಿ ಹಾಕಬೇಕು ಎಂಬುದನ್ನು ಆ ದುಃಖದಲ್ಲಿ ಹೇಳುವವರಿಲ್ಲ. ಮೋಟಾರು ವಿಮೆಯ ಸಾಮಾನ್ಯ ಷರತ್ತೂ ಹೀಗೇ ಇದೆ: ಪಾಲಿಸಿದಾರರು ಸತ್ತ ಮೂರು ತಿಂಗಳವರೆಗೆ ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಅದು ಜೀವಂತ. ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ವ್ಯಕ್ತಿಗೆ ಸೇರಿದ್ದು. ಸಾವಿನ ನಂತರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ತಂದೆ-ತಾಯಿಗೆ ವಾಹನ ದಾಟಿದಾಗ ಮಾತ್ರ ಬೋನಸ್ಸೂ ಜೊತೆಗೆ ದಾಟುತ್ತದೆ.

ನಾಮಿನಿ ವ್ಯವಸ್ಥೆ ಬಂದದ್ದು 2021ರ ಏಪ್ರಿಲ್‌ನ ತಿದ್ದುಪಡಿಯಿಂದ. ನೋಂದಣಿಯ ವೇಳೆಯಲ್ಲೇ ಅಥವಾ ಅನಂತರ ಆನ್‌ಲೈನ್‌ನಲ್ಲಿ ಮಾಲೀಕರು ಒಬ್ಬರನ್ನು ಹೆಸರಿಸಬಹುದು. ಮಾಲೀಕರು ತೀರಿಕೊಂಡರೆ ನಾಮಿನಿ ಮರಣ ಪ್ರಮಾಣಪತ್ರವನ್ನು ಪೋರ್ಟಲಿಗೆ ಹಾಕಿ ತಮ್ಮ ಹೆಸರಿನಲ್ಲಿ ಆರ್‌ಸಿ ಕೇಳಬಹುದು. ನಾಮಿನಿ ಇಲ್ಲದಿದ್ದರೆ ದಾರಿ ಉದ್ದ: ನಾಡಕಚೇರಿಯಿಂದ ವಂಶವೃಕ್ಷ ಅಥವಾ ಬದುಕಿರುವ ಸದಸ್ಯರ ಪ್ರಮಾಣಪತ್ರ, ಉಳಿದ ವಾರಸುದಾರರಿಂದ ನೋಟರಿ ಮುಂದೆ ಛಾಪಾಕಾಗದದ ಮೇಲೆ ಒಪ್ಪಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರಂತೆ ಸತ್ತ ಮಗನ ಆಸ್ತಿಗೆ ಹೆಂಡತಿ-ಮಕ್ಕಳ ಜೊತೆ ತಾಯಿಯೂ ಮೊದಲ ವರ್ಗದ ವಾರಸುದಾರಳು; ಒಪ್ಪಿಗೆ ಪತ್ರದಲ್ಲಿ ಅವಳ ಸಹಿ ಬಿಟ್ಟುಹೋಗಿ ಕಡತ ಹಿಂದಕ್ಕೆ ಬರಬಹುದು. ನಾಮಿನಿಯಾದ ಮಾತ್ರಕ್ಕೆ ಪೂರ್ಣ ಒಡೆತನ ಸಿಕ್ಕಿತು ಎಂದೂ ಹೇಳಲಾಗದು. ಜೀವ ವಿಮೆಯ ಬಗ್ಗೆ 1984ರಲ್ಲಿ, ಷೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಂದೇ ಮಾತು: ನಾಮಿನಿ ಸ್ವೀಕರಿಸುವವರು, ಪಾಲು ಉತ್ತರಾಧಿಕಾರದ ಕಾನೂನಿನಂತೆ. ಆದರೂ ಗಾಡಿ ರಸ್ತೆಯ ಮೇಲೆ ಕಾನೂನುಬದ್ಧವಾಗಿ ಓಡಲು ನಾಮಿನಿ ಇದ್ದರೆ ದಾರಿ ಸುಲಭ.

ಆನ್‌ಲೈನ್ ಸೇವೆ ಇಲ್ಲಿ ಅರ್ಧ ದಾರಿ ಬಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ದೃಢೀಕರಣದ ಮೂಲಕ ಪಡೆಯಬಹುದಾದ 58 ಸೇವೆಗಳನ್ನು ಪ್ರಕಟಿಸಿತು. ಮಾಲೀಕತ್ವ ವರ್ಗಾವಣೆ ಅವುಗಳಲ್ಲೊಂದು. ಆದರೆ ಒಟಿಪಿ ಬರುವುದು ದಾಖಲೆಯಲ್ಲಿರುವ ಮೊಬೈಲ್ ನಂಬರಿಗೆ. ಹಳೆ ವಾಹನಗಳ ದಾಖಲೆಯಲ್ಲಿ ನಂಬರೇ ಇರದಿರಬಹುದು, ಇದ್ದರೂ ಡೀಲರ್‌ನದ್ದಿರಬಹುದು. ತೀರಿಕೊಂಡವರ ಸಿಮ್ ಬಂದಾಗಿದ್ದರೆ ಮನೆಯವರು ಕಂಪ್ಯೂಟರ್ ಮುಂದೆ ಕೂತರೂ ಅರ್ಜಿ ಮುಂದಕ್ಕೆ ಹೋಗದು.

ರಾಜ್ಯದ ಗಡಿ ದಾಟುವ ವರ್ಗಾವಣೆಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಹುಬ್ಬಳ್ಳಿಯ ತಂದೆ ಪುಣೆಯ ಮಗಳಿಗೆ ಕಾರು ಕೊಟ್ಟರೆ ಅಲ್ಲಿ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳಬೇಕು.

ಕುಟುಂಬದ ಹೆಸರಿನಲ್ಲಿ ಮೋಸವೂ ನಡೆಯಬಹುದು ಎಂಬ ಇಲಾಖೆಯ ಎಚ್ಚರಿಕೆ ಸರಿಯಾದದ್ದೇ. ಸಾಲ ಕೊಟ್ಟವರಿಂದ ವಾಹನ ತಪ್ಪಿಸಲು, ಒಡಹುಟ್ಟಿದವರ ಪಾಲು ನುಂಗಲು ಈ ದಾರಿ ಬಳಕೆಯಾಗದಂತೆ ನೋಡಬೇಕು. ಆದರೆ ಆ ಅಪಾಯ ಎರಡು ಸಂದರ್ಭಗಳಲ್ಲಿ ಒಂದೇ ಬಗೆಯದಲ್ಲ. ಕೊಡುವವರು ಬದುಕಿದ್ದು ತಮ್ಮ ಆಧಾರ್‌ನಿಂದ ಒಪ್ಪಿಗೆ ಕೊಡುವಾಗ ಹೆಚ್ಚಿನ ಪ್ರಮಾಣಪತ್ರ ಬೇಕಿಲ್ಲ. ವಾರಸುದಾರರ ನಡುವಿನ ವರ್ಗಾವಣೆಯಲ್ಲಿ ಉಳಿದವರ ಒಪ್ಪಿಗೆ ಬೇಕೇಬೇಕು.

ಈ ಪತ್ರದ ಕೋರಿಕೆಗಳು ಕೆಳಗಿವೆ. ಅವುಗಳಲ್ಲಿ ಕೆಲವು ಆಯುಕ್ತರ ಸುತ್ತೋಲೆಯಿಂದಲೇ ಆಗಬಹುದಾದವು, ಒಂದು ಕೇಂದ್ರದಿಂದ ಆಗಬೇಕಾದದ್ದು.

1. ಕುಟುಂಬದೊಳಗಿನ ದಾನ ಮತ್ತು ಸಾವಿನ ನಂತರದ ವರ್ಗಾವಣೆ, ಎರಡಕ್ಕೂ ರಾಜ್ಯದ ಎಲ್ಲ ಆರ್‌ಟಿಒಗಳಿಗೆ ಅನ್ವಯಿಸುವ ಒಂದೊಂದು ಕಾಗದಪಟ್ಟಿ ಹೊರಡಿಸಿ ಕನ್ನಡದಲ್ಲಿ ಕಚೇರಿಯ ಮುಂದೆ ಹಾಕುವುದು; ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವುದಾದರೆ ಕಾರಣವನ್ನು ಲಿಖಿತವಾಗಿ ಕೊಡುವುದು.

2. ಹೊಸ ವಾಹನದ ನೋಂದಣಿಯಲ್ಲಿ ನಾಮಿನಿಯ ಅಂಕಣವನ್ನು ಡೀಲರ್‌ಗಳು ಖಾಲಿ ಬಿಡದಂತೆ ಸೂಚಿಸುವುದು. ಹಳೆಯ ಮಾಲೀಕರಿಗೆ ನಾಮಿನಿ ಸೇರಿಸುವಂತೆ ಎಸ್‌ಎಂಎಸ್ ಕಳಿಸುವುದು.

3. ರಾಜ್ಯದ ಇ-ಜನ್ಮ ವ್ಯವಸ್ಥೆಯಲ್ಲಿ ಮರಣ ನೋಂದಣಿಯಾದಾಗ ಮೃತರ ಹೆಸರಿನಲ್ಲಿ ವಾಹನವಿದ್ದರೆ, 30 ದಿನ ಮತ್ತು ಮೂರು ತಿಂಗಳ ಗಡುವು ತಿಳಿಸುವ ಪತ್ರ ಮನೆಗೆ ಹೋಗುವಂತೆ ಮಾಡುವುದು. ಪರ್ಮಿಟ್ಟಿನ ಅರ್ಜಿಯನ್ನೂ ಅದೇ ಕಡತದಲ್ಲಿ ಸ್ವೀಕರಿಸುವುದು.

4. ಮೃತರ ವಾಹನದ ಅರ್ಜಿಯಲ್ಲಿ ಒಟಿಪಿಯನ್ನು ವಾರಸುದಾರರ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಕಳಿಸುವುದು.

5. ಬದುಕಿರುವ ಕುಟುಂಬದವರ ನಡುವಿನ ದಾನಕ್ಕೆ 55ನೇ ನಿಯಮದಲ್ಲಿ ಪ್ರತ್ಯೇಕ ನಮೂನೆಯೊಂದನ್ನು ಸೇರಿಸುವಂತೆ ಕೇಂದ್ರ ಸಚಿವಾಲಯಕ್ಕೆ ಶಿಫಾರಸು ಮಾಡುವುದು. ಆ ನಮೂನೆಯಲ್ಲಿ ಸಂಬಂಧ, ಎರಡೂ ಕಡೆಯ ಒಪ್ಪಿಗೆ ಹಾಗೂ ವಿಮೆಯ ಹೆಸರು ಬದಲಾವಣೆಯ ಅರ್ಜಿ ಒಟ್ಟಿಗೆ ಇರಲಿ. ಕುಟುಂಬ ಎಂದರೆ ಯಾರು ಎಂಬುದಕ್ಕೆ ರಾಜ್ಯದ ಮುದ್ರಾಂಕ ಕಾಯ್ದೆಯ ವ್ಯಾಖ್ಯೆ ಮಾದರಿಯಾಗಬಲ್ಲದು.

ಶುಲ್ಕದಲ್ಲಿ ವಿನಾಯಿತಿಯನ್ನು ಈ ಪತ್ರ ಕೇಳುತ್ತಿಲ್ಲ. ಗಾಡಿ ಓಡಿಸುವವರ ಹೆಸರೂ ಆರ್‌ಸಿಯಲ್ಲಿರುವ ಹೆಸರೂ ಒಂದೇ ಆದರೆ ಪರಿಹಾರ ಕೇಳುವ ಅಪಘಾತ ಸಂತ್ರಸ್ತರಿಗೂ, ನೋಟಿಸ್ ಕಳಿಸುವ ಪೊಲೀಸರಿಗೂ, ದಾಖಲೆ ಕಾಯುವ ಇಲಾಖೆಗೂ ಸರಿಯಾದ ವ್ಯಕ್ತಿ ಸಿಗುತ್ತಾರೆ.

ಇಂತಿ,
ಒಬ್ಬ ವಾಹನ ಮಾಲೀಕ