ಖಂಭಾತ್ ಕೊಲ್ಲಿಯ ಹಡಗುದಾರಿ
ಗುಜರಾತಿನ ಖಂಭಾತ್ ಕೊಲ್ಲಿ ಸೌರಾಷ್ಟ್ರವನ್ನೂ ಸೂರತ್ ಸೀಮೆಯನ್ನೂ ಬೇರ್ಪಡಿಸುತ್ತದೆ. ಭಾವನಗರದ ಬಳಿಯ ಘೋಘಾದಿಂದ ಸೂರತ್ ಪಕ್ಕದ ಹಜೀರಾಕ್ಕೆ ರಸ್ತೆಯಲ್ಲಿ ಹೋಗುವವರು ಕೊಲ್ಲಿಯನ್ನು ಬಳಸಿ ಸುಮಾರು 370 ಕಿ.ಮೀ. ಸಾಗಬೇಕು, ನೀರಿನ ಮೇಲೆ ಅದು ಬರೀ 90 ಕಿ.ಮೀ. ಜನರ ಜತೆಗೆ ಲಾರಿ, ಕಾರು, ಬೈಕುಗಳನ್ನೂ ಒಯ್ಯುವ ಹಡಗು ಈ ದಾರಿಯಲ್ಲಿ ಓಡತೊಡಗಿದ್ದು 2020ರ ನವೆಂಬರಿನಲ್ಲಿ. ಸೂರತ್ತಿನ ವಜ್ರದ ಕಾರ್ಖಾನೆಗಳಲ್ಲಿ ದುಡಿಯುವ ಸೌರಾಷ್ಟ್ರದವರಿಗೆ ಊರು ಹತ್ತಿರವಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಮೊದಲು ಆಯ್ದುಕೊಂಡಿದ್ದ ದಾರಿ ಇದಾಗಿರಲಿಲ್ಲ. 2017ರ ಅಕ್ಟೋಬರಿನಲ್ಲಿ ಸೇವೆ ಶುರುವಾದದ್ದು ಘೋಘಾದಿಂದ ಎದುರು ದಡದ ದಹೇಜ್‌ಗೆ, ಸುಮಾರು 31 ಕಿ.ಮೀ. ದೂರಕ್ಕೆ. ನಕ್ಷೆಯಲ್ಲಿ ಅದಕ್ಕಿಂತ ಅನುಕೂಲದ ದಾರಿ ಕಾಣದು. ತೊಡಕಿದ್ದದ್ದು ನೀರಿನ ಅಡಿಯಲ್ಲಿ. ದಹೇಜ್ ಇರುವುದು ನರ್ಮದೆ ಸಮುದ್ರ ಸೇರುವ ಜಾಗದ ಬಳಿ. ನದಿಗಳು ತರುವ ಮಣ್ಣನ್ನು ಕೊಲ್ಲಿಯ ಉಬ್ಬರವಿಳಿತ ಸದಾ ಕಲಕುತ್ತಲೇ ಇರುತ್ತದೆ. ಭಾವನಗರದ ಬಳಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಹತ್ತು ಮೀಟರಿನಷ್ಟಾಗುವುದುಂಟು. ಹೂಳೆತ್ತಿದರೂ ಮತ್ತೆ ಬಂದು ಕೂರುತ್ತಿತ್ತು, ಹಡಗಿಗೆ ಬೇಕಾದ ಆಳ ನಿಲ್ಲಲಿಲ್ಲ. ತಳದ ಈ ಸ್ವಭಾವಕ್ಕೆ ಯೋಜನೆಯಲ್ಲಿ ಮೊದಲ ಸ್ಥಾನ ಸಿಗಬೇಕಿತ್ತು. ಕೊನೆಗೆ ದಹೇಜ್ ಸೇವೆ ನಿಂತಿತು. ಹಡಗು ಮೂರು ಪಟ್ಟು ದೂರದ ಹಜೀರಾದ ಕಡೆ ತಿರುಗಿತು.