ಕಾಲಿನ ಗಾಯದೊಳಗಿನ ಕಲ್ಲು

ನನ್ನಪ್ಪನ ಮದುವೆ ಮೆರವಣಿಗೆಯನ್ನು ದೇವಸ್ಥಾನದ ಬೀದಿಯ ತಿರುವಿನಲ್ಲೇ ತಡೆದರು. ತಮಟೆ ಕಿತ್ತು ಚರಂಡಿಗೆ ಎಸೆದರು. ಯಾರೋ ಬೀಸಿದ ಕಲ್ಲು ಅಪ್ಪನ ಮೊಣಕಾಲ ಕೆಳಗೆ ಬಿತ್ತು. ಬಾಸಿಂಗ ಕೈಯಲ್ಲಿ ಹಿಡಿದು, ಕುಂಟುತ್ತಾ, ಹಿತ್ತಲ ದಾರಿ ಹಿಡಿದ ಮದುಮಗ. ಸಾಯೋತನಕ ಆ ತಿರುವು ಬಂದರೆ ಚಪ್ಪಲಿ ಕೈಗೆ ತಗೋತಿದ್ದ.

ಅದಕ್ಕೇ 1707ರ ಮದರಾಸಿನ ಕತೆ ಓದಿದಾಗ ಹೊಟ್ಟೆಗೆ ಬೆಂಕಿ ಬಿತ್ತು. ಅಲ್ಲೂ ಅದೇ ಜಗಳ, ಬಲಗೈ ಎಡಗೈ ಅಂತ ಎರಡು ಜಾತಿಕೂಟಗಳ ನಡುವೆ. ಬಲಗೈಯವರ ಬೀದಿ ಯಾವುದು, ಎಡಗೈಯವರ ಮದುವೆ ಯಾವ ಬೀದಿಯಲ್ಲಿ ಹೋಗಬೇಕು? ನ್ಯಾಯ ಹೇಳಲು ಕೂತವನು ಈಸ್ಟ್ ಇಂಡಿಯಾ ಕಂಪನಿಯ ಕೋಟೆಯ ಗವರ್ನರ್ ಥಾಮಸ್ ಪಿಟ್. ಏನು ಮಾಡಿದ? ಬೀದಿಗಳನ್ನೇ ಜಾತಿಗಿಷ್ಟು ಅಂತ ಹಂಚಿಬಿಟ್ಟ. ಮನುವಿಗೆ ಇಂಗ್ಲಿಷ್ ಗುಮಾಸ್ತ ಸಿಕ್ಕ.

ಈತ ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯನಾಗಿದ್ದವನು ಬೇರೆ! ಡಾರ್ಸೆಟ್‌ನ ಪಾದ್ರಿಯ ಮಗ. ಕಂಪನಿಯ ಕಣ್ಣು ತಪ್ಪಿಸಿ ಇಲ್ಲಿ ವ್ಯಾಪಾರ ಮಾಡಿದ. ಕಂಪನಿ ಹಿಡಿಸಿತು, ದಂಡ ಹಾಕಿಸಿತು. ಅದೇ ಕಂಪನಿ 1698ರಲ್ಲಿ ಅವನ ಕೈಗೇ ಕೋಟೆಯ ಕೀಲಿಕೈ ಕೊಟ್ಟಿತು. ಅವನ ಕ್ಷೇತ್ರ ಓಲ್ಡ್ ಸೇರಮ್ ಅಂತ ಒಂದು ದಿಬ್ಬ. ಪಾಳುಕೋಟೆ, ಹುಲ್ಲು, ಕುರಿ. ಅದನ್ನು ಹೊಲ ಕೊಂಡಂತೆ ಕೊಂಡುಕೊಂಡ. ಆ ದಿಬ್ಬ 1832ರವರೆಗೂ ಇಬ್ಬರನ್ನು ಪಾರ್ಲಿಮೆಂಟಿಗೆ ಕಳಿಸುತ್ತಿತ್ತು. ಮರದ ಕೆಳಗೆ ನಿಂತು ಚುನಾವಣೆ. ನಮ್ಮ ಶಾಲೆಯಲ್ಲಿ ಈ ಪಾರ್ಲಿಮೆಂಟನ್ನೇ ಪ್ರಜಾಪ್ರಭುತ್ವದ ತಾಯಿ ಅಂತ ಬಾಯಿಪಾಠ ಮಾಡಿಸಿದ್ದರು.

ಕುರಿಗೆ ಇಬ್ಬರು ಪ್ರತಿನಿಧಿಗಳು. ನನ್ನಪ್ಪನಿಗೆ ಒಂದು ಬೀದಿಯಿಲ್ಲ.

ಮದರಾಸಿನಲ್ಲಿದ್ದಾಗಲೇ ಗೋಲ್ಕೊಂಡದ ಸೀಮೆಯಿಂದ ಬಂದ ಸುಮಾರು 410 ಕ್ಯಾರೆಟ್‌ನ ವಜ್ರವನ್ನು ಪಿಟ್ 48,000 ವರಹಕ್ಕೆ ಕೊಂಡ. ಮಗ ರಾಬರ್ಟ್ ಅದನ್ನು ಹಡಗಿನಲ್ಲಿ ಊರಿಗೆ ಸಾಗಿಸಿದ. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಾಟ. ಮನೆಯೊಳಗೆ ಮಾತ್ರ ನಿತ್ಯ ಕಿತ್ತಾಟ. ಹೆಂಡತಿ ದುಂದುಗಾತಿ, ಮಕ್ಕಳು ಕಚ್ಚಾಡ್ತಾರೆ ಅಂತ ಮದರಾಸಿನಿಂದ ಕಾಗದದಲ್ಲೇ ಬೈಗುಳ. ಆದರೂ ವಂಶ ಮೇಲೇರಿತು. ಮೊಮ್ಮಗ ವಿಲಿಯಂ 1735ರಲ್ಲಿ ಅದೇ ಕುರಿದಿಬ್ಬದಿಂದ ಪಾರ್ಲಿಮೆಂಟಿಗೆ ಹೋದ, ಮುಂದೆ ಪ್ರಧಾನಿಯಾದ. ಮರಿಮಗ 24ಕ್ಕೇ ಪ್ರಧಾನಿ. ಮರುವರ್ಷವೇ, 1784ರಲ್ಲಿ, ಇಂಡಿಯಾವನ್ನು ಆಳುವುದು ಹೇಗೆಂದು ಕಾಯ್ದೆ ಬರೆದ. ನಮ್ಮಲ್ಲಿ ಮೆರಿಟ್ ಮೆರಿಟ್ ಅಂತ ಬಾಯಿ ಬಡಕೊಳ್ಳುವವರು ಈ ವಂಶವೃಕ್ಷವನ್ನು ಒಮ್ಮೆ ಓದಲಿ.

ಆ ವಜ್ರಕ್ಕೊಂದು ದಂತಕತೆಯಿದೆ. ಗಣಿಯ ಗುಲಾಮನೊಬ್ಬ ಅದನ್ನು ಕಾಲಿನ ಗಾಯದೊಳಗೆ ಬಚ್ಚಿಟ್ಟು ಓಡಿದನಂತೆ. ದಾಟಿಸುತ್ತೇನೆಂದ ಹಡಗಿನವನು ಕಲ್ಲು ಕಿತ್ತುಕೊಂಡು ಅವನನ್ನು ಕಡಲಿಗೆ ತಳ್ಳಿದನಂತೆ. ನಿಜವೋ ಸುಳ್ಳೋ. ತಾನು ನ್ಯಾಯವಾಗಿಯೇ ಕೊಂಡೆ ಅಂತ ಪಿಟ್ 1710ರಲ್ಲಿ ಬರೆದಿಟ್ಟ. ಅವನ ಮಾತಿಗೆ ಸಹಿಯಿದೆ. ಗುಲಾಮನಿಗೆ ಕತೆಯಲ್ಲೂ ಹೆಸರಿಲ್ಲ.

ವಜ್ರ ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಸೊತ್ತು. ನನ್ನಪ್ಪನ ಕಾಲಿನ ಗಾಯ ಮೂರು ತಿಂಗಳು ಒಣಗಲಿಲ್ಲ. ಅವ್ವ ದಿನಾ ಬಿಸಿನೀರು ಹಾಕಿ ಬಿಚ್ಚಿ ನೋಡುತ್ತಿದ್ದಳು. ಕೀವು ಬರುತ್ತಿತ್ತು, ಅಷ್ಟೇ.