ನಮ್ಮ ಬಾಲಿಕೆಯರ ಊಟವೂ ಆಟವೂ

ಶಾಲೆಯ ಗೋಡೆಯ ಮೇಲಿರುವ ವೇಳಾಪಟ್ಟಿಯಲ್ಲಿ ಎರಡು ಹೊತ್ತುಗಳು ಮಿಕ್ಕವುಗಳಂತೆ ಮರ್ಯಾದೆ ಪಡೆಯುವುದಿಲ್ಲ. ಒಂದು ಮಧ್ಯಾಹ್ನದ ಊಟದ ಬಿಡುವು. ಇನ್ನೊಂದು ವಾರದಲ್ಲಿ ಎರಡು ಮೂರು ಸಲ ಬರುವ ಡ್ರಿಲ್ಲಿನ ಗಂಟೆ. ಊಟದ ಬಿಡುವೆಂದರೆ ಪಾಠವಿಲ್ಲದ ವೇಳೆ, ಡ್ರಿಲ್ಲೆಂದರೆ ಬೇಕಾದಾಗ ಬೇರೆ ಪಾಠಕ್ಕೆ ಕಡ ಕೊಡಬಹುದಾದ ವೇಳೆ ಎಂಬ ಭಾವನೆಯು ಉಪಾಧ್ಯಾಯರಲ್ಲಿಯೂ ಹೆತ್ತವರಲ್ಲಿಯೂ ಬೇರೂರಿದೆ. ಇವೆರಡೂ ಪಾಠಗಳೇ ಎಂದೂ, ಹುಡುಗಿಯರ ಶಾಲೆಯಲ್ಲಂತೂ ಇವುಗಳನ್ನು ಕಳೆದುಕೊಂಡರೆ ಆ ನಷ್ಟವು ಮತ್ತಾವ ಪಾಠದಿಂದಲೂ ತುಂಬದೆಂದೂ ಹೇಳುವುದೇ ಈ ಲೇಖನದ ಉದ್ದೇಶವು.

ಇತರರ ಮೇಲೆ ತಪ್ಪು ಹೊರಿಸುವ ಮೊದಲು ನನ್ನದನ್ನೇ ಒಪ್ಪಿಕೊಳ್ಳುವೆನು. ಗಣಿತದ ಉಪಾಧ್ಯಾಯಿನಿಯಾಗಿದ್ದ ಕಾಲದಲ್ಲಿ ನಾನು ಹತ್ತನೆಯ ತರಗತಿಯ ಡ್ರಿಲ್ ಗಂಟೆಯನ್ನು ಎಷ್ಟೋ ಸಲ ಬೇಡಿ ತೆಗೆದುಕೊಂಡಿದ್ದೆನು. ಹಾಗೆ ತೆಗೆದುಕೊಂಡ ಒಂದು ಗಂಟೆಯಲ್ಲಿಯೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ನೀರು ಕುಡಿಸಿ, ಬೆಳಿಗ್ಗೆ ಏನು ತಿಂದೆಯಮ್ಮಾ ಎಂದು ಕೇಳಿದರೆ, "ಚಹಾ ಕುಡಿದು ಬಂದೆ, ಟೀಚರ್" ಎಂದಳು. ವೈದ್ಯರು ಪರೀಕ್ಷಿಸಿ ರಕ್ತ ಕಡಿಮೆಯೆಂದರು. ಆ ವರ್ಷ ಅವಳ ಪ್ರಗತಿಪತ್ರದಲ್ಲಿ ನಾನೇ ನನ್ನ ಕೈಯಾರೆ, 'ಪಾಠದಲ್ಲಿ ಗಮನ ಸಾಲದು' ಎಂದು ಬರೆದಿದ್ದೆನು. ಸಾಲದೆ ಹೋಗಿದ್ದುದು ಅನ್ನವೆಂದು ಅಂದು ನನಗೆ ತಿಳಿಯಿತು.

ಆಕೆ ಒಬ್ಬಳೇ ಅಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಈ ವಯಸ್ಸಿನಲ್ಲಿ ಮೈ ಬೆಳೆಯುವುದು. ತಿಂಗಳು ತಿಂಗಳೂ ರಕ್ತ ಹೋಗುವುದು. ಆದಕಾರಣ ಕಬ್ಬಿಣದ ಅಂಶವು ಹೆಚ್ಚಾಗಿ ಬೇಕು. ಅದು ಸಾಲದಿದ್ದರೆ ಉಸಿರಾಡಿದ ಪ್ರಾಣವಾಯುವು ಅಂಗಾಂಗಗಳಿಗೆ ತಕ್ಕಷ್ಟು ಮುಟ್ಟದು. ಹುಡುಗಿಯು ಮೆಟ್ಟಿಲು ಹತ್ತಿದರೆ ಏದುವಳು, ಪುಸ್ತಕ ಹಿಡಿದರೆ ತೂಕಡಿಸುವಳು. ನಾವಾದರೋ ಅದನ್ನು ಸೋಮಾರಿತನವೆಂದು ಗದರಿಸುವೆವು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದ ದೇಶ ನಮ್ಮದು. ಆ ಬಲ್ಲವಿಕೆಗೆ ಬೇಕಾದುದೆಲ್ಲ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ಹುರುಳಿ, ಕಡಲೆ, ಹೆಸರು, ಹಿತ್ತಿಲಿನ ಸೊಪ್ಪು, ತಿನ್ನುವವರಿಗೆ ಮೊಟ್ಟೆ ಮೀನು, ಇವು ದೇಹಕ್ಕೆ ಆಧಾರ. ಕಾಳು ಸೊಪ್ಪುಗಳ ಜೊತೆಗೆ ನಿಂಬೆಯ ಹುಳಿಯನ್ನೋ ನೆಲ್ಲಿಕಾಯನ್ನೋ ಸೇರಿಸಿದರೆ ಅವುಗಳಲ್ಲಿರುವ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಊಟದೊಡನೆ ಚಹಾ ಕುಡಿದರೆ ಹತ್ತದೆ ಹೋಗುವುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಗುಳಿಗೆಯನ್ನು ಅನೇಕ ತಾಯಂದಿರು ಹೆದರಿ ಬೇಡವೆನ್ನುವರು. ಊಟವಾದ ಮೇಲೆ ನುಂಗಿದರೆ ಹೊಟ್ಟೆಯ ಸಂಕಟವು ಕಡಿಮೆಯೆಂಬುದನ್ನು ಅವರು ಅರಿಯಬೇಕು. ಇನ್ನೊಂದು ಮಾತನ್ನು ನೋವಿನಿಂದಲೇ ಹೇಳುವೆನು. ಮೀನಿನ ನಡುತುಂಡು ಗಂಡುಮಗನ ತಟ್ಟೆಗೂ ತಲೆ ಬಾಲಗಳು ಹೆಣ್ಣುಮಗಳ ತಟ್ಟೆಗೂ ಹೋಗುವ ಮನೆಗಳು ಈಗಲೂ ಇವೆ. ಅಂತಹ ಮನೆಯವರು ಶಾಲೆಯ ಫೀಸನ್ನು ಸಮವಾಗಿ ಕೊಟ್ಟರೂ ವಿದ್ಯೆಯನ್ನು ಸಮವಾಗಿ ಕೊಟ್ಟಂತೆ ಆಗದು.

ಹಸಿದ ಮಗುವಿಗೆ ಅಕ್ಷರ ಹತ್ತದೆಂಬುದನ್ನು ದೇಶವೇ ಒಪ್ಪಿದೆ. ಎಳೆಯ ಮಕ್ಕಳಿಗಾಗಿ 1975ರಲ್ಲಿ ಅಂಗನವಾಡಿಗಳ ಯೋಜನೆಯು ಹುಟ್ಟಿದಾಗ ಮೊದಲು ಆರಿಸಿದ 33 ಸ್ಥಳಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆಜ್ಞಾಪಿಸಿತು; ಮರುವರ್ಷವೇ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವು ಆರಂಭವಾಯಿತು. 2013ರಲ್ಲಿ ಹಾಲೂ 2024ರಲ್ಲಿ ರಾಗಿಯ ಗಂಜಿಯೂ ಅದಕ್ಕೆ ಸೇರಿದುವು. ಆದರೆ ಒಳಗೆ ಗಂಜಿ ಕುಡಿದ ಮಗುವು ಹೊರಗೆ ಗೇಟಿನ ಬಳಿಯಲ್ಲಿ ಉಪ್ಪು, ಎಣ್ಣೆ, ಸಕ್ಕರೆಗಳ ಪೊಟ್ಟಣಗಳನ್ನು ಕೊಳ್ಳುವುದಾದರೆ ಏನು ಪ್ರಯೋಜನ? ಅಂತಹ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ದೂರದೊಳಗೂ ಮಾರಕೂಡದೆಂದು 2020ರಲ್ಲಿ ನಿಯಮವಾಗಿದೆ. ನಿಯಮವು ಕಾಗದದಲ್ಲಿದೆ, ಅದನ್ನು ಬೀದಿಗೆ ತರಬೇಕಾದವರು ನಾವು. ಬುತ್ತಿಯ ಡಬ್ಬಿಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಇಟ್ಟು ಕಳುಹಿಸುವ ಹೆತ್ತವರು ಅಂಗಡಿಯವನನ್ನು ಬೈಯುವುದು ಸಲ್ಲದು.

ಇನ್ನು ಆಟದ ವಿಚಾರ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಮೂರು ನಾಲ್ಕು ವರ್ಷದ ಶಿಶುಗಳಿಗೆ ದಿನವೊಂದಕ್ಕೆ 180 ನಿಮಿಷಗಳ ಓಡಾಟ ಬೇಕೆಂದೂ, ಅವರನ್ನು ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಾಲ ಅಲುಗದಂತೆ ಕೂರಿಸಬಾರದೆಂದೂ 2019ರಲ್ಲಿಯೇ ಹೇಳಿತ್ತು. ನಮ್ಮಲ್ಲಿಯಾದರೋ ಶಿಶುವಿಹಾರದ ಮಗುವಿಗೆ ಮನೆಗೆಲಸ ಕೊಡಲಿಲ್ಲವೆಂದು ದೂರುವ ಹೆತ್ತವರುಂಟು. ಮಗುವು ಇಂದು ಎಷ್ಟು ಓಡಿತೆಂದು ಕೇಳಿದವರನ್ನು ನಾನು ಕಾಣೆನು.

ಹನ್ನೆರಡು ಹದಿಮೂರು ವರ್ಷವಾದೊಡನೆ ನಮ್ಮ ಹುಡುಗಿಯರ ಓಟವು ನಿಂತುಹೋಗುವುದು. ದೊಡ್ಡವಳಾದಳು, ಇನ್ನು ಕುಣಿಯಬಾರದು ಎನ್ನುವರು. ಬಿಸಿಲಿಗೆ ಮೈ ಕಪ್ಪಾದೀತು, ನಾಳೆ ಮದುವೆಗೆ ತೊಡಕಾದೀತು ಎಂದು ಅಂಜುವರು. ಆದರೆ ಜೀವಮಾನಕ್ಕೆ ಬೇಕಾದ ಎಲುಬಿನ ಬಹುಪಾಲು ಕಟ್ಟಿಕೊಳ್ಳುವುದು ಈ ವಯಸ್ಸಿನಲ್ಲಿಯೇ. ಓಟ ನೆಗೆತಗಳಿಂದ ಎಲುಬು ಗಟ್ಟಿಯಾಗುವುದು. ಈಗ ಕೂಡಿಡದ ಬಲವನ್ನು ಅರುವತ್ತರಲ್ಲಿ ಎಲ್ಲಿಂದ ತರುವುದು? ಮುಟ್ಟಿನ ದಿನಗಳಲ್ಲಿಯೂ ಮೈಯಲ್ಲಿ ನೋವಿಲ್ಲದಿದ್ದರೆ ಆಡುವುದಕ್ಕೆ ಅಡ್ಡಿಯಿಲ್ಲ. ಅಡ್ಡಿಯಾಗುವುದು ಶಾಲೆಯಲ್ಲಿ ನೀರೂ ಬಾಗಿಲೂ ಇರುವ ಶೌಚಗೃಹವಿಲ್ಲದಿದ್ದರೆ. ಅದನ್ನು ಒದಗಿಸುವುದು ಹಿರಿಯರ ಕೆಲಸ, ನಾಚುವುದು ಹುಡುಗಿಯ ಕೆಲಸವಲ್ಲ.

ನಮ್ಮ ಶಾಲೆಗಳ ಕಡೆಗೂ ಒಂದು ಮಾತು. ವಾರ್ಷಿಕ ಕ್ರೀಡೋತ್ಸವದಲ್ಲಿ ಹತ್ತು ಮಂದಿ ಓಡುವರು, ನಾನೂರು ಮಂದಿ ಕೈ ತಟ್ಟುವರು. ಬಹುಮಾನದ ಬಟ್ಟಲುಗಳು ಕಪಾಟಿನಲ್ಲಿ ಹೊಳೆಯುವುವು. ಆ ನಾನೂರು ಮಂದಿಗೂ ಆಟ ಬೇಡವೇ? ಖೋ ಖೋ, ತ್ರೋಬಾಲ್, ಹಗ್ಗದ ನೆಗೆತ, ಕುಂಟೆಬಿಲ್ಲೆ, ಇವುಗಳಿಗೆ ಹೆಚ್ಚು ಹಣವೇನೂ ತಗಲದು. ಗೆಲ್ಲಲಾರದ ಹುಡುಗಿಯೂ ಇವುಗಳಲ್ಲಿ ನಲಿದಾಳು.

ಪರೀಕ್ಷೆಯ ಗತಿಯೇನೆಂದು ಕೇಳುವಿರಿ. ಆಟಕ್ಕೆ ಹೊತ್ತು ಕೊಟ್ಟ ಮಾತ್ರಕ್ಕೆ ಅಂಕಗಳು ಕುಗ್ಗುವುದಿಲ್ಲವೆಂಬುದು ಹಲವು ದೇಶಗಳ ಶಾಲೆಗಳನ್ನು ಪರಿಶೀಲಿಸಿದವರಿಗೆ ಕಂಡುಬಂದಿದೆ. ನನ್ನ ಅನುಭವವೂ ಹಾಗೆಯೇ. ಆ ಹುಡುಗಿಯು ಬಿದ್ದ ಮೇಲೆ ನಾನು ಡ್ರಿಲ್ಲಿನ ಗಂಟೆಯನ್ನು ಮತ್ತೆ ಕೇಳಲಿಲ್ಲ. ನನ್ನ ತರಗತಿಯ ಫಲಿತಾಂಶಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ಆದಕಾರಣ ಹೆತ್ತವರಲ್ಲಿ ನನ್ನ ಬೇಡಿಕೆಯಿಷ್ಟೇ: ಮಗಳನ್ನು ಬರಿಹೊಟ್ಟೆಯಲ್ಲಿ ಕಳುಹಿಸಬೇಡಿರಿ, ಅಣ್ಣತಮ್ಮಂದಿರ ತಟ್ಟೆಯಲ್ಲಿರುವುದು ಅವಳ ತಟ್ಟೆಯಲ್ಲಿಯೂ ಇರಲಿ, ಸಂಜೆ ಅವಳು ಬೆವತು ಬಂದರೆ ಗದರಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಮ್ಮ ಶಾಲೆಗೆ ಕಾಣಿಕೆ ಕೊಡಬೇಕೆಂದು ನಿಮಗೆ ಮನಸ್ಸಾದಾಗ ಗೋಡೆಯ ಮೇಲಿನ ಕಲ್ಲಿನಲ್ಲಿ ಹೆಸರು ಕೆತ್ತಿಸುವುದಕ್ಕಿಂತ ಮೊದಲು ಕುಡಿಯುವ ನೀರಿನ ನಲ್ಲಿಯನ್ನೂ, ಶೌಚಗೃಹವನ್ನೂ, ಅಂಗಳದ ಬಲೆ ಚೆಂಡುಗಳನ್ನೂ, ಬೇಲಿಯ ಬಳಿ ಒಂದೆರಡು ನುಗ್ಗೆಯ ಗಿಡಗಳನ್ನೂ ನೆನೆಯಿರಿ. ಉಪಾಧ್ಯಾಯಿನಿಯರೇ, ವೇಳಾಪಟ್ಟಿಯಲ್ಲಿರುವ ಆ ಎರಡು ಹೊತ್ತುಗಳನ್ನು ಯಾರು ಬಂದು ಕಡ ಕೇಳಿದರೂ ಕೊಡಬೇಡಿರಿ. ನಾನೇ ಬಂದು ಕೇಳಿದರೂ ಕೊಡಬೇಡಿರಿ.